ಬೂದಿಬಾವಿಗಳ ರಾಜ್ಯ

ತಮಿಳುನಾಡಿನ ಅವಿನಾಶಿಯಿಂದ ಸ್ವಲ್ಪ ಒಳಗಿರುವ ನಮ್ಮ ಊರಿನಲ್ಲಿ ಮನೆಗೊಂದು ಮಗ್ಗದ ಶೆಡ್ಡು. ನಮ್ಮವರು ತಲೆತಲಾಂತರದಿಂದ ಬೇಸಾಯದವರು. ಈಗ ಅರ್ಧ ಹೊಲ, ಅರ್ಧ ಮಗ್ಗ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಪ್ಪನಿಗಾಗಲಿ ಅವ್ವನಿಗಾಗಲಿ ಕನ್ನಡ ಅಕ್ಷರ ಬಾರದು. ನಾನು ಕಲಿತದ್ದು ಕೊಳ್ಳೇಗಾಲದ ದೊಡ್ಡಮ್ಮನ ಮನೆಯಲ್ಲಿ, ಬೇಸಿಗೆ ರಜೆಗಳಲ್ಲಿ, ಹಳೆಯ ವಾರಪತ್ರಿಕೆಗಳನ್ನು ಓದುತ್ತಾ. ಹಾಗಾಗಿ ನನ್ನ ಬರಹದ ಕನ್ನಡ ಒಂದು, ಬಾಯಿಯ ಕನ್ನಡ ಇನ್ನೊಂದು.

ಗಂಡನ ಮನೆಯಿಂದ ವಾಪಸು ಬಂದ ಮೇಲೆ ಶೆಡ್ಡು ನನ್ನ ಪಾಲಾಯಿತು. ಕರೆಂಟಿನ ಮಗ್ಗ, ತನ್ನ ಪಾಡಿಗೆ ಓಡುತ್ತದೆ. ನೂಲು ಹರಿದಾಗ ಎದ್ದು ಗಂಟು ಹಾಕಿದರಾಯಿತು. ನಡುವಿನ ಹೊತ್ತಿಗೆ ಮೊಬೈಲಿನಲ್ಲಿ ಒಂದು ಆಟ ಹಿಡಿದೆ. ಲೋಕದ ಎಲ್ಲೆಲ್ಲಿಂದಲೋ ಜನ ಬಂದು ಆಡುವ, ರಾಕ್ಷಸರೂ ಮಾಟಗಾರರೂ ಇರುವ ರಾಜ್ಯಗಳ ಆಟ. ಶುರುವಿನಲ್ಲೇ ಯಾವ ರಾಜ್ಯಕ್ಕೆ ಸೇರುತ್ತೀ ಎಂದು ಕೇಳುತ್ತದೆ. ಕೊನೆಯಲ್ಲಿ ಬೂದುಬಣ್ಣದ ಒಂದು ರಾಜ್ಯವಿತ್ತು. ಯಾವುದೋ ಯುದ್ಧದಲ್ಲಿ ಸೋತು, ಇದ್ದವರೆಲ್ಲ ಬೇರೆ ಕಡೆ ಹೋಗಿ, ಪಾಳುಬಿದ್ದಿತ್ತು. ನಾನು ಅದನ್ನೇ ಒತ್ತಿದೆ. ಯಾರೂ ಇಲ್ಲದ ಕಡೆ ಗಂಡ ಯಾಕೆ ಬಿಟ್ಟ ಎಂದು ಕೇಳುವವರೂ ಇರುವುದಿಲ್ಲ.

ಕೋಟೆಯ ಬಾಗಿಲು ಮುರಿದಿತ್ತು. ಬಾವಿಗಳ ತುಂಬಾ ಬೂದಿ. ಬಾವಿಯ ಬೂದಿ ತೆಗೆದರೆ ನೀರು ಬರುತ್ತದೆ, ಸುತ್ತಲಿನ ನೆಲ ಹಸಿರಾಗುತ್ತದೆ, ತೆಗೆದವರಿಗೇ ಆ ಬಾವಿ ಸೇರುತ್ತದೆ. ಆಟದ ಕಟ್ಟಳೆ ಇಷ್ಟೇ. ಒಂದಾದ ಮೇಲೊಂದು ತೆಗೆಯುತ್ತಾ ಹೋದೆ. ಒಂದೊಂದಕ್ಕೂ ಕನ್ನಡ ಅಕ್ಷರದಲ್ಲಿ ಹೆಸರಿಟ್ಟೆ: ಅತ್ತೆಬಾವಿ, ಸಿಹಿನೀರಬಾವಿ, ಯಾರೂ ಬಾರದ ಬಾವಿ.

ಆ ಹೆಸರುಗಳನ್ನು ನೋಡಿಯೇ ಒಬ್ಬ ಬಂದ. ಮೈಸೂರಿನ ಕಡೆಯ ಇಂಜಿನಿಯರ್, ಕೊಯಮತ್ತೂರಿನಲ್ಲಿ ಕೆಲಸ. "ಇಲ್ಲಿ ಕನ್ನಡದವರು ಇದ್ದೀರಾ ಮೇಡಂ?" ಎಂದು ಬರೆದ. ಇದ್ದೇನೆ ಎಂದು ಬರೆದೆ. ಅವನು ಗೆಳೆಯರನ್ನು ಕರೆತಂದ, ಅವರು ಇನ್ನಷ್ಟು ಜನರನ್ನು. ಸೂಲೂರಿನ ಕಡೆ ಓದುತ್ತಿದ್ದ ದಾವಣಗೆರೆಯ ಹುಡುಗಿಯೊಬ್ಬಳು ನನ್ನ ಬಾವಿಯ ಪಕ್ಕದಲ್ಲೇ ಮಾವಿನ ತೋಟ ಮಾಡಿದಳು. ಗೋಡೆ ಎದ್ದಿತು, ಪೇಟೆ ಬಂತು. ಮೊದಲ ನಿವಾಸಿಯೆಂದು ರಾಜಮುದ್ರೆ ನನ್ನ ಕೈಯಲ್ಲಿತ್ತು. ಎಲ್ಲರೂ ನನ್ನನ್ನು ಮೇಡಂ ಎನ್ನುತ್ತಿದ್ದರು. ನನ್ನ ಕನ್ನಡ ನೋಡಿ ಯಾವುದೋ ಕಾಲೇಜಿನ ಲೆಕ್ಚರರ್ ಎಂದುಕೊಂಡಿದ್ದರಂತೆ.

ಕೋಟೆಯ ಹೊಸ ಬಾಗಿಲನ್ನು ಬೇರೆ ರಾಜ್ಯದವರಿಗೆ ತೆರೆಯುವ ದಿನ, ಬರೆಯುವುದು ಬಿಟ್ಟು ಎಲ್ಲರೂ ಮೈಕಿನಲ್ಲಿ ಮಾತಾಡುತ್ತಾ ಸೇರೋಣ ಎಂದು ಇಂಜಿನಿಯರ್ ಹೇಳಿದ. ಭಾನುವಾರ ಮಧ್ಯಾಹ್ನ. ಮಗ್ಗ ನಿಲ್ಲಿಸುವಂತಿರಲಿಲ್ಲ. ನಾನು ಬಾಯಿ ತೆರೆದೆ.

"ಎಲ್ಲಾರೂ ಬನ್ನಿ. ನಮ್ಮನೇಲಿ ತರಿ ಓಡ್ತಾ ಐತೆ, ಸತ್ತ ಜಾಸ್ತಿ. ಕೊಂಜ ಪೊರುತ್ಕಳಿ."

ತರಿ ಎಂದರೆ ನಮ್ಮಲ್ಲಿ ಮಗ್ಗ, ಸತ್ತ ಎಂದರೆ ಸದ್ದು. ಸ್ವಲ್ಪ ಸಹಿಸಿಕೊಳ್ಳಿ ಎಂದಿದ್ದೆ. ಯಾರೋ, "ಜಾಸ್ತಿ ಸತ್ತೋರು ಯಾರು ಮೇಡಂ?" ಎಂದರು. ನಗು ಒಡೆಯಿತು. ಇನ್ನೊಬ್ಬ, "ಮತ್ತೊಂದ್ಸಲ ಹೇಳಿ, ಪ್ಲೀಸ್" ಎಂದ. ಅರ್ಥವಾಗಲಿಲ್ಲವೇನೋ ಎಂದು ಮತ್ತೆ ಹೇಳಿದೆ, ಇನ್ನೂ ಬಿಡಿಸಿ. ಅವನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ.

"ಇವರು ತಮಿಳ್ರು ಕಣ್ರೋ," ಎಂದ ಇಂಜಿನಿಯರ್. "ಇಷ್ಟು ದಿನ ಬರೆದಿದ್ದೆಲ್ಲ ಯಾರ ಹತ್ರ ಬರೆಸಿದ್ರಿ?"

"ನಾನೇ ಬರ್ದೆ. ನಮ್ದೂ ಕನ್ನಡನೇ."

"ಇದು ಕನ್ನಡಾನಾ?"

ಆಮೇಲೆ ಅವನ ದನಿ ಮೆತ್ತಗಾಯಿತು. "ಬೇಜಾರಾಗ್ಬೇಡಿ. ಬೇರೆ ರಾಜ್ಯದವರೆಲ್ಲ ನೋಡ್ತಿರ್ತಾರೆ, ನಗ್ಬಾರ್ದಲ್ವಾ? ಇವತ್ತೊಂದು ದಿನ ಮುದ್ರೆ ನನಗೆ ಕೊಡಿ."

ಕೊಟ್ಟೆ. ಅವನು ರಾಜನಾದ. ಮರುದಿನ ನನ್ನ ಹೆಸರಿನ ಮುಂದೆ 'ಬಾವಿ ಕೆಲಸದವಳು' ಎಂದಿತ್ತು. ಆಟದೊಳಗಿನ ನನ್ನ ಮನೆಯನ್ನು ಗೋಡೆಯ ಆಚೆಗೆ ಹಾಕಿದ್ದರು. ಅದನ್ನು ನುಂಗಿಕೊಂಡೆ. ಆದರೆ ಕೋಟೆಬಾಗಿಲಿಗೆ ಒಂದು ಸ್ವಾಗತದ ದನಿ ಇಡಬಹುದಿತ್ತು. ಅಲ್ಲಿ ನನ್ನ ದನಿಯನ್ನೇ ಇಟ್ಟರು. ಒಳಗೆ ಕಾಲಿಟ್ಟ ಪ್ರತಿಯೊಬ್ಬರಿಗೂ ನನ್ನ ಮಾತು ಕೇಳುತ್ತಿತ್ತು: ಸತ್ತ ಜಾಸ್ತಿ, ಕೊಂಜ ಪೊರುತ್ಕಳಿ. ಅದನ್ನು ಕೇಳಲೆಂದೇ ಬೇರೆ ರಾಜ್ಯದವರು ಗುಂಪುಗುಂಪಾಗಿ ಬಂದು, ನಕ್ಕು, ಹೊರಗೆ ಹೋಗಿ ಮತ್ತೆ ಬರುತ್ತಿದ್ದರು.

ಊಟ ತಂದ ಅವ್ವ ಶೆಡ್ಡಿನಲ್ಲಿ ನಿಂತು ನನ್ನ ಮಾತನ್ನೂ ಅವರ ನಗುವನ್ನೂ ಕೇಳಿಸಿಕೊಂಡಳು.

"ನಿನ್ ದನಿ ತಾನೇ ಇದು? ಏನಕ್ಕ ಸಿರಿಸ್ತಾರೆ?"

"ಆಟ ಅವ್ವಾ."

"ಸರಿಯಾಗೇ ಪೇಸಿದ್ದೀಯಲ್ಲ. ಇದ್ರಲ್ಲಿ ಸಿರಿಸಾಕೆ ಏನೈತೆ?" ನಾನು ಮಾತಾಡಿದ್ದರಲ್ಲಿ ನಗುವಂಥದ್ದೇನೂ ಅವಳಿಗೆ ಕಾಣಲಿಲ್ಲ.

ಇನ್ನೊಮ್ಮೆ ಕೇಳಿದಳು. ತಟ್ಟೆ ಕೈಯಲ್ಲೇ ಇತ್ತು. ಎರಡನೆಯ ಸಲ ನಗು ಯಾವುದಕ್ಕೆಂದು ಅವಳಿಗೆ ಗೊತ್ತಾಯಿತು. ಮುಖ ನೋಡಿದರೆ ತಿಳಿಯುತ್ತಿತ್ತು. ಅದು ಅವಳದೇ ಮಾತು.

ಮುದ್ರೆ ಹೋಗಿದ್ದರೂ ಬಾವಿಗಳು ನನ್ನವೇ ಆಗಿದ್ದವು. ಆ ಮಧ್ಯಾಹ್ನವೇ ಮುಚ್ಚತೊಡಗಿದೆ. ಒತ್ತಿದರೆ ಬೂದಿ ಸುರಿಯುತ್ತದೆ. ಮೊದಲು ಅರಮನೆಯದು, ಆಮೇಲೆ ಪೇಟೆಯದು. ಗದ್ದೆ ಕಂದಿತು, ಗೋಡೆ ಬಿರುಕು ಬಿಟ್ಟಿತು. ಇಂಜಿನಿಯರ್ ಮೊದಲು ಬೈದ, ಆಮೇಲೆ ಮೇಡಂ ಎಂದ, ಕೊನೆಗೆ ಮುದ್ರೆ ವಾಪಸು ಕೊಡುತ್ತೇನೆ ಎಂದ. ನಾನು ಮುಂದಿನ ಬಾವಿ ಒತ್ತಿದೆ.

ಮಾವಿನ ತೋಟದ ಹುಡುಗಿ ಮೈಕಿನಲ್ಲಿ ಮಾತಾಡಲು ಬಂದಳು. "ಅಕ್ಕಾ, ನಾನು ನಕ್ಕಿಲ್ಲ. ನನ್ನ ತೋಟದ ಬಾವಿ ಒಂದು ಬಿಡಿ. ಈಗಷ್ಟೇ ಹೂ ಬಿಟ್ಟಿದೆ."

ಅವಳು ನಗಲಿಲ್ಲ ಎನ್ನುವುದು ನಿಜ. ನಗುತ್ತಿದ್ದವರಿಗೆ ಬೇಡ ಎನ್ನಲೂ ಇಲ್ಲ. ಅದನ್ನೂ ಮುಚ್ಚಿದೆ. ಅವಳು ಅಳುತ್ತಿದ್ದುದು ಮಗ್ಗದ ಸದ್ದಿನ ನಡುವೆಯೂ ಕೇಳಿಸಿತು. ನಾನು ನೂಲು ಹರಿದದ್ದನ್ನು ನೋಡಿ ಎದ್ದು ಹೋಗಿ ಗಂಟು ಹಾಕಿದೆ. ಸಂಜೆಯ ಹೊತ್ತಿಗೆ ಎಲ್ಲರೂ ರಾಜ್ಯ ಬಿಟ್ಟಿದ್ದರು. ನನಗೆ ಹಿತವಾಗಿತ್ತು.

ಕೆಲವು ತಿಂಗಳ ಮೇಲೆ ಚಾಮರಾಜನಗರದಿಂದ ಬಟ್ಟೆ ಕೊಳ್ಳುವವರೊಬ್ಬರು ಮನೆಗೆ ಬಂದರು. ವಯಸ್ಸಾದವರು, ಒಳ್ಳೆಯವರು. ಒಳಗಿನ ಮಾತು ಕಿವಿಗೆ ಬಿದ್ದು, "ಓಹೋ, ನಮ್ಮವರೇ! ಒಂದು ಲೋಟ ನೀರು ಕೊಡಮ್ಮಾ," ಎಂದರು. ಯಾರಾದರೂ ಕನ್ನಡದವರು ಬಂದರೆ ಬಾಗಿಲವರೆಗೆ ಓಡಿಬಂದು ಬೇಡಬೇಡವೆಂದರೂ ಊಟಕ್ಕೆ ಕೂರಿಸುತ್ತಿದ್ದವಳು ಅವ್ವ. ನೀರು ತಂದಿಟ್ಟಳು. ಸೆರಗನ್ನು ಬಾಯಿಗೆ ಹಿಡಿದು, "ಎಂಗಳುಕ್ಕು ಕನ್ನಡಂ ತೆರಿಯಾದುಂಗ," ಎಂದಳು.

ನಮಗೆ ಕನ್ನಡ ಬರುವುದಿಲ್ಲವಂತೆ. ಹೇಳಿ ಒಳಗೆ ಹೋದಳು.