ಎರಡು ಧಾಟಿಯ ರೇಡಿಯೋ ಅಕ್ಕ

ಬೆಳಗಿನ ಜಾವ. ಟ್ಯಾಕ್ಸಿ ಆಫೀಸಿನ ಶಟರ್ ಇನ್ನೂ ಅರ್ಧವಷ್ಟೇ ಮೇಲಕ್ಕೆ ಹೋಗಿದೆ. ಒಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಡ್ರೈವರುಗಳನ್ನು ಗಿರಾಕಿಗಳ ಬಳಿ ಕಳಿಸುವ ರೇಡಿಯೋ ಅಕ್ಕ ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಕೈಯಲ್ಲಿ ವೈರ್‌ಲೆಸ್ ಮೈಕು ಹಿಡಿದು ಕೂತಿದ್ದಾರೆ. ಫೋನಿನಲ್ಲಿ ಗಿರಾಕಿ, ಮೈಕಿನ ಆ ಕಡೆ ಡ್ರೈವರು. ಗಿರಾಕಿಗೆ ಅಕ್ಕ ಈ ಊರಿನವರ ಹಾಗೆ ಪದದ ಕೊನೆ ನುಂಗಿ ಚುಟುಕಾಗಿ ಉತ್ತರಿಸುತ್ತಾರೆ. ಮೈಕಿನ ಗುಂಡಿ ಒತ್ತಿದ ಕೂಡಲೇ ಅದೇ ಭಾಷೆ ಬೇರೆ ಧಾಟಿಗೆ ಹೊರಳುತ್ತದೆ. ಪದಗಳು ಕಾಲು ಚಾಚಿ ಕೂತ ಹಾಗೆ ಉದ್ದವಾಗುತ್ತವೆ. ಡ್ರೈವರುಗಳಲ್ಲಿ ಹೆಚ್ಚಿನವರು ಇದೇ ಭಾಷೆಯಾಡುವ ಬೇರೆ ದೇಶದಿಂದ ಬಂದವರು. ಅದು ಅವರ ಧಾಟಿ.

"ಬೇಕು ಅಂತ ಮಾಡಲ್ಲ," ಅನ್ನುತ್ತಾರೆ ಅಕ್ಕ. "ಅವರ ದನಿ ಕೇಳಿದ್ರೆ ನಾಲಿಗೆ ತಾನಾಗೇ ಆ ಕಡೆ ಹೋಗುತ್ತೆ. ಇದ್ರಲ್ಲಿ ನಿಂದು ಯಾವುದು ಅಂತ ಜನ ಕೇಳ್ತಾರೆ. ನಿದ್ದೇಲಿ ಹೇಗೆ ಮಾತಾಡ್ತೀನಿ ಅಂತ ಗಂಡನ್ನ ಕೇಳಿದೆ. ಮಾತೆಲ್ಲಿ, ಬರೀ ಗೊರಕೆ ಅಂದ್ರು."

ಅಕ್ಕ ಹುಟ್ಟಿದ್ದು ಇದೇ ಊರಿನಲ್ಲಿ. ಅಪ್ಪ, ಅಮ್ಮ ಆ ದೇಶದಿಂದ ಗಡಿ ದಾಟಿ ಬಂದವರು. ಅಪ್ಪನೂ ಟ್ಯಾಕ್ಸಿ ಓಡಿಸುತ್ತಿದ್ದರು. ಬಾಡಿಗೆ ಮನೆಗೆಂದು ಅಪ್ಪ ಫೋನು ಮಾಡಿ ಎರಡು ಮಾತಾಡುವಷ್ಟರಲ್ಲಿ ಆ ಮನೆ ಆಗಲೇ ಬೇರೆ ಯಾರಿಗೋ ಹೋಗಿರುತ್ತಿತ್ತು. ಆಮೇಲಾಮೇಲೆ ಅವರು ಫೋನನ್ನು ಮಗಳ ಕೈಗೇ ಕೊಡತೊಡಗಿದರು. ಶಾಲೆಯಲ್ಲಿ ತನ್ನ ಮಾತನ್ನು ಆಡಿಕೊಂಡು ನಕ್ಕ ಹುಡುಗಿಯರಿಂದಲೇ ಮಗಳು ಊರ ಧಾಟಿ ಕಲಿತಿದ್ದಳು. ಅವಳು ಕೇಳಿದರೆ ಮನೆ ಖಾಲಿ ಇರುತ್ತಿತ್ತು. "ನೋಡೋಕೆ ಹೋದಾಗ ಓನರ್ ನನ್ನ ಮುಖ, ಅಪ್ಪನ ಮುಖ ನೋಡಿ ತಬ್ಬಿಬ್ಬು. ಅಪ್ಪ ಮಾತ್ರ ಏನೂ ಆಗದವರ ಹಾಗೆ ನಲ್ಲಿ ತಿರುಗಿಸಿ ನೀರು ಬರುತ್ತಾ ಅಂತ ನೋಡ್ತಿದ್ರು."

ಕಳೆದ ತಿಂಗಳು ಆ ಮೈಕೇ ಕೈತಪ್ಪುವುದರಲ್ಲಿತ್ತು. ಹೊಸ ಡ್ರೈವರೊಬ್ಬ ಕೀಲಿ ತೆಗೆದುಕೊಳ್ಳಲು ಒಳಗೆ ಬಂದವನು ಅಕ್ಕ ಫೋನಿನಲ್ಲಿ ಅಪ್ಪಟ ಊರಿನವರ ಹಾಗೆ ಮಾತಾಡುವುದನ್ನು ಕೇಳಿಸಿಕೊಂಡ. ಗಾಡಿ ಹತ್ತಿದ ಮೇಲೆ ವೈರ್‌ಲೆಸ್‌ನಲ್ಲಿ ಅದೇ ದನಿ ತನ್ನ ಧಾಟಿಯಲ್ಲಿ ಕೇಳಿಬಂತು. ನೇರ ಮಾಲೀಕರ ಬಳಿ ಹೋದ. "ನನ್ನನ್ನ ಅಣಕಿಸ್ತಾರೆ ಸಾರ್. ಮುಂಚೆ ಕೆಲಸಕ್ಕಿದ್ದ ಅಂಗಡೀಲೂ ಹಿಂಗೇ ಮಾಡ್ತಿದ್ರು."

ಮಾಲೀಕರು ಕೆಟ್ಟವರಲ್ಲ, ತಲೆನೋವು ಬೇಡವೆನ್ನುವವರು. "ನೋಡಮ್ಮ, ಎಲ್ಲರ ಹತ್ರಾನೂ ಊರಿನವರ ಥರಾನೇ ಮಾತಾಡು. ಆಗಲ್ಲ ಅಂದ್ರೆ ಮೈಕು ಬೇರೆಯವರಿಗೆ ಕೊಡ್ತೀನಿ."

ಹುಡುಗನಿಗೆ ವಿವರಿಸೋಣವೆಂದರೆ ಯಾವ ಧಾಟಿಯಲ್ಲಿ ವಿವರಿಸುವುದು? ಅವನ ಧಾಟಿಯಲ್ಲಿ ಹೇಳಿದರೆ ಮತ್ತೆ ಅಣಕಿಸಿದಂತೆ, ಊರ ಧಾಟಿಯಲ್ಲಿ ಹೇಳಿದರೆ ಅವನ ಅನುಮಾನ ನಿಜವಾದಂತೆ. ಅಕ್ಕ ಮಾಲೀಕರಿಗೆ ಹೂಂ ಅಂದರು. ಅಪ್ಪ, ಅಮ್ಮ ಈಗಿಲ್ಲ. ಗಂಡ ಇದೇ ಊರಿನವರು, ಮಗಳಿಗೆ ಊರ ಧಾಟಿಯೊಂದೇ ಗೊತ್ತು. ಹುಟ್ಟಿನಿಂದ ಬಂದ ಮಾತನ್ನು ಆಡಲು ಅಕ್ಕನಿಗೆ ಉಳಿದಿದ್ದ ಜಾಗ ಆ ಮೈಕೊಂದೇ.

ಅಪ್ಪಣೆ ಪಾಲಿಸಿದ ಮೊದಲ ದಿನವೇ ಡ್ರೈವರುಗಳು ಕಂಗಾಲು. ಅದುವರೆಗೆ ಅಕ್ಕ ಮೈಕಿನಲ್ಲಿ ಊರ ಧಾಟಿ ಹಿಡಿಯುತ್ತಿದ್ದುದು ಬೈಯುವಾಗ ಮಾತ್ರ. ಒಬ್ಬ ತಡವಾಗಿದ್ದಕ್ಕೆ ಕ್ಷಮೆ ಕೇಳಿದ. ಇನ್ನೊಬ್ಬ, ಯಾರೂ ಕೇಳದಿದ್ದರೂ, ಮಧ್ಯಾಹ್ನ ಗಾಡಿಯಲ್ಲೇ ನಿದ್ದೆ ಹೊಡೆದದ್ದನ್ನು ಒಪ್ಪಿಕೊಂಡ. ಕೊನೆಗೆ, ಎಲ್ಲರೂ ಮೀಸೆ ಮಾವ ಎನ್ನುವ ಹಿರಿಯ ಡ್ರೈವರು ಒಳಗೇ ಬಂದರು. "ಏನಮ್ಮಾ, ಪೊಲೀಸ್‌ನವರ ಥರ ಮಾತಾಡ್ತಿದೀಯ. ಯಾರ ಮೇಲೆ ಸಿಟ್ಟು?"

ವಿಷಯ ತಿಳಿದ ಮಾವ ಗಾಡಿ ತೊಳೆಯುತ್ತಿದ್ದ ಹೊಸಬನ ಬಳಿ ಹೋಗಿ ನಿಂತರು. "ಅದು ಅವಳಪ್ಪನ ಮಾತು ಕಣಯ್ಯ. ನೀನು ಹುಟ್ಟೋಕೆ ಮುಂಚೆ ನಾನೂ ಅವನೂ ಇದೇ ಸ್ಟ್ಯಾಂಡಲ್ಲಿ ಗಾಡಿ ಹಾಕ್ತಿದ್ವಿ. ನೀನು ಮೊನ್ನೆ ಬಂದೆ. ಅವಳು ಮೊದಲು ತೊದಲಿದ್ದೇ ಆ ಮಾತಲ್ಲಿ."

ಮಾರನೆಯ ಬೆಳಗ್ಗೆ ವೈರ್‌ಲೆಸ್ ಗರಗರ ಅಂದಿತು. ಹೊಸಬನ ದನಿ. "ಅಕ್ಕಾ, ಸ್ಟೇಷನ್ ಹಿಂದೆ ದಾರಿ ತಪ್ಪಿದೀನಿ. ಸಾರ್‌ಗೆ ನಾನು ಹೇಳಿದೀನಿ, ಇನ್ನೇನೂ ತೊಂದರೆ ಇಲ್ಲ ಅಂತ. ನೀವು ನಿಮ್ಮ ಮನೆ ಮಾತಲ್ಲೇ ಹೇಳಿ."

ಅಕ್ಕ ಗುಂಡಿ ಒತ್ತಿದರು. ಒಂದೊಂದೇ ತಿರುವನ್ನು, ಪದಗಳನ್ನು ಎಳೆದೆಳೆದು, ಹೇಳಿಕೊಟ್ಟರು.

ಈಗ ಮೈಕು ಅವರ ಕೈಯಲ್ಲೇ ಇದೆ. ಇನ್ನೇನಾದರೂ ಆಸೆ ಇದೆಯೇ ಎಂದರೆ ಮಗಳ ಮಾತು ತೆಗೆಯುತ್ತಾರೆ. "ಅವಳಿಗೆ ಈ ಧಾಟಿ ಬರಲ್ಲ. ಕಲಿ ಅಂತ ನಾನೂ ಹೇಳಲ್ಲ. ಮುಂದೆ ಯಾವತ್ತೋ ಬಸ್ಸಲ್ಲಿ ಯಾರಾದ್ರೂ ಹೀಗೆ ಮಾತಾಡಿದ್ದು ಕಿವಿಗೆ ಬಿದ್ರೆ, ನಗದೆ ಒಂದ್ಸಲ ತಿರುಗಿ ನೋಡ್ಲಿ, ನಮ್ಮಮ್ಮನ ಥರ ಇದೆಯಲ್ಲ ಅಂತ. ನಂಗೆ ಅಷ್ಟು ಸಾಕು."