ಗಾಜಿನ ಬೀರುವಿನ ಸೆಂಟ್ರಿಫ್ಯೂಜ್

ಆ ಸೆಂಟ್ರಿಫ್ಯೂಜಿಗೆ ನಮ್ಮ ಕಾಲೇಜು ಒಂದು ಕಾಸೂ ಬಿಚ್ಚಲಿಲ್ಲ. ಬೆಲೆ ತೆತ್ತವರು ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವ ಒಂದು ಪ್ಲೇಟಿಂಗ್ ಶೆಡ್ಡಿನ ಇಪ್ಪತ್ತೆರಡು ಕೆಲಸಗಾರರು, ತಲಾ ಒಂದು ಸಿರಿಂಜು ರಕ್ತ. ಜೊತೆಗೆ ನನ್ನ ಒಬ್ಬಳು ವಿದ್ಯಾರ್ಥಿನಿ. ಯಂತ್ರ ತರುವುದಕ್ಕೆ ಅಷ್ಟೆಲ್ಲ ಚೌಕಾಸಿ ಮಾಡಿದ ನಾನು, ಅದನ್ನು ಬಳಸುವುದಕ್ಕೆ ಮಾಡಲಿಲ್ಲ. ಕಾರಣ ಇಷ್ಟೇ.

ಎಂಬತ್ತರ ದಶಕದ ಆರಂಭ. ತುಮಕೂರು ರಸ್ತೆಯ ಬದಿಯ ಡಿಗ್ರಿ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರದ ಉಪನ್ಯಾಸಕ. ಅದಕ್ಕೂ ಮೊದಲು ಇನ್ನೊಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆಗಿ ಗಾಜು ತೊಳೆಯುತ್ತ, ಸಂಜೆ ಕಾಲೇಜಿನಲ್ಲಿ ಓದಿದವನು. ಹಾಗಾಗಿ ಯಾರ ಹತ್ತಿರ ಏನು ಸಿಗುತ್ತದೆ, ಹೇಗೆ ಕೇಳಬೇಕು ಎಂಬುದು ನನಗೆ ಗೊತ್ತಿತ್ತು. ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುತ್ತಿದೆ ಎಂದು ಕೇಳಿ ನಾಲ್ಕು ಸಲ ಅಲೆದೆ. ರಕ್ತದ ಕೊಳವೆಗಳನ್ನು ಗಿರಗಿರ ತಿರುಗಿಸಿ ಮೇಲಿನ ತಿಳಿಯನ್ನು ಬೇರೆ ಮಾಡುವ ಸೆಂಟ್ರಿಫ್ಯೂಜನ್ನು ಪುಕ್ಕಟೆ ಹೊತ್ತು ತಂದೆ.

ಪ್ರಾಂಶುಪಾಲರು, "ಸ್ಟಾಕ್ ರಿಜಿಸ್ಟರಿಗೆ ಹತ್ತಿಸಿಬಿಡ್ರೀ, ಇಲ್ಲಾಂದ್ರೆ ಕೆಮಿಸ್ಟ್ರಿಯವರು ಎತ್ಕೊಂಡು ಹೋಗ್ತಾರೆ," ಎಂದರು. ನಾನು ಖುಷಿಯಿಂದ ಬರೆದೆ. ಅಂದಿನಿಂದ ಅದು ಕಾಲೇಜಿನ ಆಸ್ತಿ. ಕೆಟ್ಟರೆ ನನ್ನ ಸಂಬಳದಲ್ಲಿ ಕಟ್. ಗಾಜಿನ ಬೀರುವಿಗೆ ಹೋಯಿತು. ಬೀಗದ ಕೈ ಪ್ರಾಂಶುಪಾಲರ ಜೇಬಿಗೆ.

ಕೊನೆಯ ವರ್ಷದ ಬಿ.ಎಸ್ಸಿ.ಯಲ್ಲಿ ಓದುತ್ತಿದ್ದ ಆ ಹುಡುಗಿಯ ತಂದೆ ಪ್ಲೇಟಿಂಗ್ ಶೆಡ್ಡಿನಲ್ಲಿ ಲೋಹದ ಜಿಡ್ಡು ತೆಗೆಯುವ ತೊಟ್ಟಿಯ ಬಳಿ ಕೆಲಸ ಮಾಡುತ್ತಿದ್ದರು. ತಲೆಸುತ್ತು, ವಾಂತಿ, ಸುಸ್ತು. ಮಾಲೀಕ ಕುಡುಕ ಎನ್ನುತ್ತಿದ್ದ; ಕೆಲಸದಿಂದ ತೆಗೆಯುವ ಮಾತೂ ನಡೆದಿತ್ತು.

"ನಮ್ಮಪ್ಪ ಒಂದು ತೊಟ್ಟೂ ಮುಟ್ಟಲ್ಲ ಸಾರ್. ತೊಟ್ಟಿ ಹೊಗೆಯಿಂದಾನೇ ಹಿಂಗಾಗಿರೋದು ಅಂತ ತೋರಿಸೋಕಾಗಲ್ವಾ?"

ಆಗುತ್ತದೆ ಎಂದೆ. ತೊಟ್ಟಿಯ ಬಳಿಯ ಹನ್ನೊಂದು ಜನ, ಪ್ಯಾಕಿಂಗಿನ ಹನ್ನೊಂದು ಜನ. ಎರಡೂ ಗುಂಪಿನವರ ರಕ್ತದಲ್ಲಿ ಪಿತ್ತಜನಕಾಂಗದ ಪರೀಕ್ಷೆ. ತೊಟ್ಟಿಯವರಲ್ಲೆಲ್ಲ ಏರುಪೇರಿದ್ದು ಪ್ಯಾಕಿಂಗಿನವರಲ್ಲಿ ಇಲ್ಲದಿದ್ದರೆ, ಒಬ್ಬನ ಕುಡಿತದ ಮಾತು ಬಿದ್ದುಹೋಗುತ್ತದೆ. ಅವಳೂ ಅವಳಪ್ಪನೂ ಮನೆಮನೆಗೆ ಹೋಗಿ ಎಲ್ಲರನ್ನೂ ಒಪ್ಪಿಸಿದರು. ಮರುದಿನ ಯಂತ್ರ ಬೇಕೆಂದು ಶನಿವಾರ ಪ್ರಾಂಶುಪಾಲರನ್ನು ಕೇಳಿದೆ. "ಅಟೆಂಡರ್ ಹತ್ರ ಬೀಗದ ಕೈ ಕೊಟ್ಟಿರ್ತೀನಿ," ಎಂದರು. ಬಾಯಿಮಾತು. ನಾನು ನಂಬಿದೆ.

ಭಾನುವಾರ ವಾರದ ರಜೆ. ಹತ್ತಿರದ ನರ್ಸಿಂಗ್ ಹೋಮಿನ ಪರಿಚಯದ ಟೆಕ್ನಿಷಿಯನ್, ಶೆಡ್ಡಿನ ಹಿಂದಿನ ಟೀ ಅಂಗಡಿಯ ಬೆಂಚಿನ ಮೇಲೆ ಇಪ್ಪತ್ತೆರಡು ಜನರ ರಕ್ತ ತೆಗೆದ. ಐಸಿನ ಡಬ್ಬ ಹೊತ್ತು ಕಾಲೇಜಿಗೆ ಬಂದೆವು. ಅಟೆಂಡರ್ ಬೀಗದ ಕೈ ಇಲ್ಲವೆಂದು ಕೈಯಲ್ಲಾಡಿಸಿದ. "ಬುಧವಾರ ಯೂನಿವರ್ಸಿಟಿ ಕಮಿಟಿ ಬರ್ತೈತಂತೆ ಸಾರ್. ಅಲ್ಲೀಗಂಟ ಯಾರೂ ಮುಟ್ಟಂಗಿಲ್ಲ ಅಂದ್ರು ಪ್ರಿನ್ಸಿಪಾಲ್ರು. ಬೀಗದ್ ಕೈ ತಗಂಡು ಊರಿಗೆ ಹೋದ್ರು."

ಸಂಜೆಯೊಳಗೆ ತಿರುಗಿಸದಿದ್ದರೆ ರಕ್ತ ಹಾಳು. ನರ್ಸಿಂಗ್ ಹೋಮಿನ ಯಂತ್ರ ಕೆಟ್ಟು ಮೂಲೆ ಸೇರಿತ್ತು. ನಮ್ಮದು ಗಾಜಿನ ಹಿಂದೆ ಫಳಫಳ ಹೊಳೆಯುತ್ತಿತ್ತು. ಅಟೆಂಡರನೇ ಸುತ್ತಿಗೆ ತಂದುಕೊಟ್ಟ. "ಒಡೀರಿ ಸಾರ್, ಗಾಜು ತಾನೇ?" ಎಂದಳು ಹುಡುಗಿ.

ನನ್ನ ನೌಕರಿ ಕಾಯಂ ಆಗುವ ಕಾಗದ ಅದೇ ಪ್ರಾಂಶುಪಾಲರ ಮೇಜಿನ ಮೇಲಿತ್ತು. ಸುತ್ತಿಗೆ ಕೆಳಗಿಟ್ಟೆ. ಸೋಮವಾರ ನೋಡಿದಾಗ ಐಸು ಕರಗಿ ನೀರಾಗಿತ್ತು. ಒಣಹುಲ್ಲಿನ ಬಣ್ಣ ಇರಬೇಕಾದ ತಿಳಿ ಎಲ್ಲ ಕೊಳವೆಗಳಲ್ಲೂ ಕೆಂಪಗೆ ರಾಡಿಯಾಗಿ, ಪರೀಕ್ಷೆಗೆ ಬಾರದಂತಾಗಿತ್ತು.

ಎರಡನೇ ಸಲ ರಕ್ತ ಕೇಳಲು ಟೀ ಅಂಗಡಿಗೆ ಹೋದೆ. ತೊಟ್ಟಿಯ ಕೆಲಸಗಾರನೊಬ್ಬ ಎಲ್ಲರಿಗೂ ಕೇಳಿಸುವಂತೆ, "ನಮ್ ರಕ್ತ ಏನ್ ಬೀದಿ ನಲ್ಲೀನಾ ಸಾರ್, ತಿರುಗಿಸಿದಂಗೆಲ್ಲಾ ಬರಾಕೆ?" ಎಂದ. ಎಲ್ಲರೂ ನಕ್ಕರು. ಹುಡುಗಿಯ ತಂದೆ ಮಾತ್ರ ಎದ್ದು ಹೋದರು. ಅವರ ಮಾತಿಗೆ ಕಟ್ಟುಬಿದ್ದು ತೋಳು ಕೊಟ್ಟವರು ಇವರೆಲ್ಲ. ತಿಂಗಳೊಳಗೆ ಮಾಲೀಕ ಅವರನ್ನು ತೆಗೆದ, ಕುಡುಕ ಎಂದೇ.

ರಕ್ತ ಹಾಳಾದ ಆ ವಾರದ ಬುಧವಾರವೇ, ಕಾಲೇಜಿಗೆ ಹೊಸ ಕೋರ್ಸು ಕೊಡಬಹುದೇ ಎಂದು ನೋಡಲು ಕಮಿಟಿ ಬಂದಿತ್ತು. ಬೀರುವಿನ ಮೇಲೆ 'ವೈದ್ಯಕೀಯ ಸಂಶೋಧನಾ ಘಟಕ' ಎಂಬ ಹೊಸ ಬೋರ್ಡು. ಇದರಲ್ಲಿ ಏನು ಮಾಡುತ್ತೀರಿ ಎಂದು ಒಬ್ಬರು ಕೇಳಿದರು. "ಕಾರ್ಮಿಕರ ಆರೋಗ್ಯದ ಅಧ್ಯಯನ ಸಾರ್," ಎಂದೆ. ಹೊಸ ಕೋರ್ಸು ಮಂಜೂರಾಯಿತು. ನಾನೂ ಕಾಯಂ ಆದೆ. ಹುಡುಗಿ ಎಂ.ಎಸ್ಸಿ. ಅರ್ಜಿ ಹಾಕಲಿಲ್ಲ, ಮನೆ ನಡೆಸಲು ಬಲ್ಬ್ ಕಾರ್ಖಾನೆಗೆ ಸೇರಿದಳು. ಹೋಗುವಾಗ ಹೇಳಿದ್ದು ಇಷ್ಟು: "ಮೆಷಿನ್ ತರೋದ್ರಲ್ಲಿ ನೀವು ಗಟ್ಟಿಗರು ಬಿಡಿ ಸಾರ್."

ಸಣ್ಣ ಕಾಲೇಜಿನಲ್ಲಿ ಸಂಶೋಧನೆ ಮಾಡಿಸಹೊರಟ ಮೇಷ್ಟ್ರೇ, ಯಂತ್ರ ಎಲ್ಲಾದರೂ ಸಿಗುತ್ತದೆ, ಅದರ ಹಿಂದೆ ಓಡಬೇಡಿ. ಸ್ಟಾಕ್ ರಿಜಿಸ್ಟರಿಗೆ ಹತ್ತಿಸುವ ಮುಂಚೆ, ಯಾವ ದಿನ ಬೇಕಾದರೂ ಬಳಸಬಹುದು, ಸಹಜವಾಗಿ ಕೆಟ್ಟರೆ ಕಾಲೇಜಿನ ಖರ್ಚು ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಎರಡನೇ ಬೀಗದ ಕೈ ನಿಮ್ಮದಾಗಲಿ. ಕೊಡುವುದಿಲ್ಲ ಎಂದರೆ ದಾನಕೊಟ್ಟವರ ಹತ್ತಿರವೇ ಯಂತ್ರ ಇರಲಿ, ನೀವೇ ಅಲ್ಲಿಗೆ ಹೋಗಿ ಕೆಲಸ ಮಾಡಿ. ಮೊದಲ ಪರೀಕ್ಷೆ ನಿಮ್ಮ ರಕ್ತದ್ದಾಗಲಿ, ಅದೂ ಭಾನುವಾರವೇ. ಅದು ಕೊನೆಯವರೆಗೆ ಸರಿಯಾಗಿ ನಡೆದ ಮೇಲಷ್ಟೇ ಇನ್ನೊಬ್ಬರಿಗೆ ತೋಳು ಚಾಚಿ ಎನ್ನಿ.