ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ನಿಂಬೆಹಣ್ಣು

ನನಗೆ ಕೋಪ ಮೂಗಿನ ತುದಿಯಲ್ಲೇ. ಇದು ನಮ್ಮ ಮನೆಯವರಿಗೆಲ್ಲ ಗೊತ್ತು. ಮನೆಯವರೆಲ್ಲ ಅಂದರೆ ಈಗ ಅಮ್ಮ ಒಬ್ಬಳೇ. ಅಪ್ಪ ಇದ್ದಾಗ ನನ್ನ ಕೂಗಾಟ ಕೇಳಿ ನಗುತ್ತಿದ್ದ. 'ಇವಳಿಗೆ ಬ್ರೇಕ್ ಇಲ್ಲ, ಬರೀ ಹಾರನ್ನು' ಅನ್ನುತ್ತಿದ್ದ. ಲಾರಿ ಡ್ರೈವರನ ಬಾಯಲ್ಲಿ ಇನ್ನೇನು ಬಂದೀತು? ಆ ಮಾತು ಎಷ್ಟು ನಿಜ ಎಂಬುದು ನಾನು ಹೊಸ ಲ್ಯಾಪ್‌ಟಾಪ್ ತಂದ ವಾರ ನನಗೇ ಗೊತ್ತಾಯಿತು. ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಅನ್ನುತ್ತಾರೆ. ನನಗೇನೂ ಹಾಗನ್ನಿಸುವುದಿಲ್ಲ. ಆದರೂ ಹೇಳುತ್ತೇನೆ.

ನಾನು ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ. ದೊಡ್ಡ ಯಂತ್ರಗಳ ಬಿಡಿಭಾಗಗಳ ಡ್ರಾಯಿಂಗ್ ಮಾಡುವುದು ನನ್ನ ಕೆಲಸ. ಸಂಜೆ ಮನೆಗೆ ಬಂದ ಮೇಲೆ ಹೊರಗಿನವರ ಡ್ರಾಯಿಂಗನ್ನೂ ಒಂದಿಷ್ಟು ಮಾಡಿಕೊಡುತ್ತೇನೆ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲಿನ ಎರಡು ಕೋಣೆ ನಮ್ಮ ಮನೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಎಂಟು ವರ್ಷವಾಗಿತ್ತು. ಕೀಲು ಮುರಿದು, ಹಿಂದೆ ರಾಗಿಹಿಟ್ಟಿನ ಡಬ್ಬ ಒರಗಿಸಿದರೆ ಮಾತ್ರ ಪರದೆ ನೆಟ್ಟಗೆ ನಿಲ್ಲುತ್ತಿತ್ತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಕೈ ಇಟ್ಟರೆ ಕಾದ ಹೆಂಚು.

ಆ ಲ್ಯಾಪ್‌ಟಾಪಿನಲ್ಲಿ ನಾನು ಲಾರಿ ಓಡಿಸುತ್ತಿದ್ದೆ. ನಗಬೇಡಿ. ಲಾರಿ ಓಡಿಸುವ ಆಟವೊಂದಿದೆ. ಲೋಡು ಹಾಕಿಕೊಂಡು ಊರಿಂದೂರಿಗೆ ಹೋಗುವುದು, ಅಷ್ಟೇ. ಗುಂಡು ಹಾರಿಸುವುದಿಲ್ಲ, ಯಾರೂ ಸಾಯುವುದಿಲ್ಲ. ಯಾರೋ ಪುಣ್ಯಾತ್ಮರು ಅದಕ್ಕೆ ನಮ್ಮ ದೇಶದ ರಸ್ತೆಗಳನ್ನೂ ಮಾಡಿ ಸೇರಿಸಿದ್ದರು. ಹಗಲೆಲ್ಲ ಯಂತ್ರದ ಹಲ್ಲು ಎಣಿಸಿ ಬಂದವಳಿಗೆ ಮುಸ್ಸಂಜೆಯ ಒಂದು ಗಂಟೆ ಅದೇ ನೆಮ್ಮದಿ.

ಅಪ್ಪ ಮೂವತ್ತು ವರ್ಷ ನಿಜವಾದ ಲಾರಿ ಓಡಿಸಿದವನು. ನಮ್ಮ ಕಡೆಯ ಟೊಮೆಟೊ ತುಂಬಿಕೊಂಡು ಆಂಧ್ರದ ಮೇಲೆ ಹೋದರೆ ವಾರ, ಹತ್ತು ದಿನ ಪತ್ತೆಯಿಲ್ಲ. ದಾರಿಯಲ್ಲಿ ಫೋನು ಮಾಡುತ್ತಿದ್ದ. 'ಚಿತ್ತೂರು ದಾಟ್ದೆ.' 'ನೆಲ್ಲೂರು ದಾಟ್ದೆ.' 'ಓಂಗೋಲು ದಾಟ್ದೆ.' ಅಮ್ಮನಿಗೆ ಆ ಊರುಗಳೆಲ್ಲ ಸಾಲಾಗಿ ಬಾಯಿಪಾಠ. ಕಣ್ಣಲ್ಲಿ ಒಂದನ್ನೂ ಕಂಡವಳಲ್ಲ. ಒಂದು ಸಲ, ಒಂದೇ ಸಲ, ಬಂಗಾರಪೇಟೆಯವರೆಗಾದರೂ ಲಾರಿಯಲ್ಲಿ ಕೂರಿಸಿಕೊಂಡು ಹೋಗು ಅಂದಿದ್ದಳಂತೆ. 'ಇದೇನು ಮದ್ವೆ ದಿಬ್ಬಣದ ಗಾಡೀನಾ?' ಎಂದು ಅಪ್ಪ ನಕ್ಕುಬಿಟ್ಟನಂತೆ. ಅಮ್ಮ ಮತ್ತೆ ಕೇಳಲಿಲ್ಲ.

ನಾಲ್ಕು ವರ್ಷದ ಹಿಂದೆ 'ಓಂಗೋಲು ದಾಟ್ದೆ' ಎಂದು ಫೋನು ಮಾಡಿದ ಅಪ್ಪ ವಿಜಯವಾಡ ತಲುಪಲಿಲ್ಲ. ಎದೆ ನೋವು ಬಂದಿರಬೇಕು. ಗಾಡಿಯನ್ನು ರಸ್ತೆ ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಸೀಟಿನಲ್ಲಿ ಕೂತಹಾಗೇ ಹೋಗಿಬಿಟ್ಟಿದ್ದ. ಲೋಡಿನ ಒಂದು ಟೊಮೆಟೊ ಕೂಡ ಜಜ್ಜಿರಲಿಲ್ಲ ಎಂದು ಲಾರಿಯ ಓನರು ಹೊಗಳಿದರು. ಆ ಹೊಗಳಿಕೆಯ ಮೇಲಿನ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ಅಮ್ಮ ಆಮೇಲೆ ಮಾತೇ ಬಿಟ್ಟಳು. 'ಉಂಡ್ಕೋ', 'ಬಾಗ್ಲು ಆಕ್ಕೋ' ಇಷ್ಟೇ. ನನಗೂ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಎರಡು ಜನ, ಲ್ಯಾಪ್‌ಟಾಪಿನ ಫ್ಯಾನಿನದೊಂದೇ ಸದ್ದು. ಹೀಗೇ ಒಂದು ಸಂಜೆ ನಾನು ಆಡುತ್ತಿದ್ದೆ. ಅಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಹಿಂದೆ ನಿಂತಿದ್ದಳಂತೆ, ನಾನು ನೋಡಿರಲಿಲ್ಲ.

"ಆರನ್ ಒಡಿಯೇ! ಮುಂದೆ ಬಸ್ಸು ನಿಂತೈತೆ, ಕಣ್ ಕಾಣ್ಸಲ್ವಾ?" ಅಂದಳು.

ನಾನು ಬೆಚ್ಚಿ ನಿಜವಾಗಲೂ ಹಾರ್ನ್ ಹೊಡೆದೆ. ಅಮ್ಮ ಸ್ಟೂಲು ಎಳೆದುಕೊಂಡು ನನ್ನ ಎಡಕ್ಕೆ ಕೂತಳು. ಕ್ಲೀನರು ಕೂರುವ ಕಡೆ ಅದು.

ಅಲ್ಲಿಂದ ದಿನಾ ಅದೇ ನಡೆಯಿತು. ಐದೂವರೆಗೆ ನಾನು ಬರುವುದು, ಆರಕ್ಕೆ ಗಾಡಿ ಹೊರಡುವುದು. ಹಳೆಯ ಲ್ಯಾಪ್‌ಟಾಪಿನ ಕಾವು ತಾಗಿದಾಗ 'ಇಂಜಿನ್ ಪಕ್ಕ ಕೂತಂಗೈತೆ' ಅನ್ನುತ್ತಿದ್ದಳು. ಅಪ್ಪನ ಲಾರಿಗಿದ್ದ ಹಸಿರು ಬಣ್ಣವನ್ನೇ ಆಟದ ಲಾರಿಗೂ ಬಳಿದಿದ್ದೆ. ದಾರಿಯುದ್ದಕ್ಕೂ ಅಮ್ಮ ಮಾತಾಡುತ್ತಿದ್ದಳು: ತನ್ನ ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದದ್ದು, ಬೇತಮಂಗಲದ ಕೆರೆ ತುಂಬಿದ ವರ್ಷ ಅಪ್ಪ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದ್ದು, ನಾನು ಹುಟ್ಟಿದ ದಿನ ಅಪ್ಪ ಗುಂಟೂರಿನಲ್ಲಿದ್ದದ್ದು. ನಾನು ಮೂವತ್ತು ವರ್ಷದಲ್ಲಿ ಕೇಳದ ಮಾತುಗಳು. ನಡುವೆ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು.

"ಓಂಗೋಲು ಬಂತಾ?"

ಆ ಆಟದಲ್ಲಿ ಓಂಗೋಲು ಎಂಬ ಊರೇ ಇರಲಿಲ್ಲ. ಮೊದಲ ದಿನ ನಾನು ಹಿಂದುಮುಂದು ನೋಡದೆ "ಬಂತಮ್ಮ" ಅಂದುಬಿಟ್ಟೆ. ಹಳೆಯ ಲ್ಯಾಪ್‌ಟಾಪಿನಲ್ಲಿ ರಸ್ತೆ ಬದಿಯ ಬೋರ್ಡುಗಳೆಲ್ಲ ಹಸಿರು ಕಲೆ, ಅಕ್ಷರ ಯಾರಿಗೂ ಕಾಣುತ್ತಿರಲಿಲ್ಲ. "ನಿಲ್ಸು ಮತ್ತೆ" ಅಂದಳು. ಗಾಡಿಯನ್ನು ಪಕ್ಕಕ್ಕೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದೆ. ಅಮ್ಮ ಒಳಗೆ ಹೋಗಿ ಎರಡು ಲೋಟ ಟೀ ತಂದಳು. ಇಬ್ಬರೂ ಆ ಮಸುಕು ರಸ್ತೆಯನ್ನು ನೋಡುತ್ತ ಟೀ ಕುಡಿದೆವು. ಆಮೇಲೆ ಎರಡು ವರ್ಷ ದಿನಾ ಓಂಗೋಲು ಬಂತು, ದಿನಾ ಟೀ ಬಂತು. ಅಪ್ಪ ಹೋದ ಮೇಲೆ ನನಗೆ ಅಮ್ಮ ಸಿಕ್ಕಿದ್ದು ಅಲ್ಲೇ.

ಈ ವರ್ಷ ಹಳೆಯ ಲ್ಯಾಪ್‌ಟಾಪ್ ಕೈಕೊಡಲು ಶುರುಮಾಡಿತು. ಡ್ರಾಯಿಂಗ್ ತೆರೆದರೆ ಹತ್ತು ನಿಮಿಷ ಸ್ತಬ್ಧ. ಹೊರಗಿನ ಕೆಲಸ ಎರಡು ಕೈತಪ್ಪಿದವು. ಕೊನೆಗೆ ಗಟ್ಟಿಮನಸ್ಸು ಮಾಡಿ ಆಟಕ್ಕೂ ಕೆಲಸಕ್ಕೂ ಆಗುವ ದೊಡ್ಡದೊಂದನ್ನು ತರಿಸಿದೆ. ಇದ್ದಿಲು ಬಣ್ಣ, ದಪ್ಪ ಗ್ರಾಫಿಕ್ಸ್ ಕಾರ್ಡು, ಕೀಲಿಗಳ ಕೆಳಗೆ ದೀಪ. ಹಳೆಯದರಲ್ಲಿ ಅರ್ಧ ಗಂಟೆ ತಿಣುಕುತ್ತಿದ್ದ ಡ್ರಾಯಿಂಗು ಇದರಲ್ಲಿ ಉಸಿರು ಬಿಡುವಷ್ಟರಲ್ಲಿ ತೆರೆಯಿತು. ಖುಷಿಗೆ ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ಅಮ್ಮ ಬಂದು ಅದರ ಮೇಲೆ ಕಿವಿಯಿಟ್ಟಳು.

"ಇದ್ರಲ್ಲಿ ಇಂಜಿನ್ನೇ ಇಲ್ವೇನೇ? ಸದ್ದೇ ಬರಲ್ಲ."

"ಇದು ದೊಡ್ಡ ಗಾಡಿ ಅಮ್ಮ. ಸದ್ದು ಮಾಡಲ್ಲ."

"ಅಂಗಾದ್ರೆ ಯಾವತ್ತು ಓಡ್ಸದು?"

"ಶುಕ್ರವಾರ," ಅಂದೆ ನಾನು, ಯೋಚನೆಯಿಲ್ಲದೆ.

ಆ ಶುಕ್ರವಾರ ರಜೆ ಹಾಕಿದ್ದೆ. ಶನಿವಾರ ಕೊಡಬೇಕಾದ ದೊಡ್ಡ ಡ್ರಾಯಿಂಗೊಂದನ್ನು ಬೆಳಿಗ್ಗೆಯೇ ಹೊಸ ಲ್ಯಾಪ್‌ಟಾಪಿಗೆ ಲೆಕ್ಕ ಮಾಡಲು ಹಾಕಿ, ಅದು ತನ್ನಪಾಡಿಗೆ ಓಡುತ್ತಿರಲಿ ಎಂದು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅಮ್ಮ ಹೊಸ ಗಾಡಿಯ ಪೂಜೆ ಮುಗಿಸಿದ್ದಳು. ಪರದೆಯ ಹಿಂದೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಕೀಲಿಗಳ ಮೇಲೆ ಒಂದು ಮೊಳ ಮಲ್ಲಿಗೆ. ಲಾರಿಯ ಚಕ್ರದ ಕೆಳಗೆ ಇಡುವಂತೆ ನಾಲ್ಕು ಮೂಲೆಗೆ ನಾಲ್ಕು ನಿಂಬೆಹಣ್ಣು, ಹೆಚ್ಚಿ ಕುಂಕುಮ ಸವರಿ. ಚಕ್ರವೇ ಇಲ್ಲವಲ್ಲ, ಅದಕ್ಕೇ ಎರಡೂ ಅಂಗೈ ಊರಿ ಮೇಲಿಂದ ಒತ್ತಿ ನಿಂಬೆಹಣ್ಣನ್ನು ಅವಳೇ ಅಪ್ಪಚ್ಚಿ ಮಾಡಿದ್ದಳು. ಕೆಳಗಿನ ಜಾಲರಿಯಿಂದ ಫ್ಯಾನು ಗಾಳಿ ಎಳೆಯುತ್ತದೆ. ರಸ, ಕುಂಕುಮ, ವಿಭೂತಿ ಎಲ್ಲ ಒಳಗೆ. ನಾನು ನೋಡುತ್ತಿದ್ದಂತೆಯೇ ಪರದೆ ಟಪ್ಪನೆ ಕಪ್ಪಾಯಿತು.

ಅಮ್ಮ ಕೈಯಲ್ಲಿ ಕರ್ಪೂರದ ತಟ್ಟೆ ಹಿಡಿದು ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ನನಗೆ ಆಗ ಆ ನಗು ಕಾಣಲೇ ಇಲ್ಲ.

"ತಲೆ ಕೆಟ್ಟಿದ್ಯಾ ನಿಂಗೆ? ಇದೇನು ಲಾರೀನಾ?" ಎಂದು ಕಿರುಚಿದೆ. "ಲಾರೀನೂ ಇಲ್ಲ, ರೋಡೂ ಇಲ್ಲ! ದಿನಾ ಓಂಗೋಲು ಬಂತು, ಓಂಗೋಲು ಬಂತು ಅಂತ ಸುಳ್ಳು ಹೇಳ್ತಿದ್ದೀನಿ, ಗೊತ್ತಾ? ಅಂಥ ಊರೇ ಇಲ್ಲ ಇದ್ರಲ್ಲಿ! ಅಪ್ಪ ಸತ್ತು ನಾಕು ವರ್ಷ ಆಯ್ತು. ಅಲ್ಲಿ ಯಾರೂ ನಿಂತಿಲ್ಲ!"

ಬೀದಿಯಲ್ಲಿ ಸೊಪ್ಪು ಮಾರುವವಳು ತಲೆಯೆತ್ತಿ ನಮ್ಮ ಮಹಡಿಯ ಕಡೆ ನೋಡಿದಳು. ಅಮ್ಮ ಕರ್ಪೂರವನ್ನು ಬೆರಳಿನಿಂದಲೇ ಒತ್ತಿ ಆರಿಸಿದಳು. ನಿಂಬೆಹಣ್ಣುಗಳನ್ನು ಒಂದೊಂದಾಗಿ ಆಯ್ದು ಸೆರಗಿಗೆ ಹಾಕಿಕೊಂಡು ಒಳಗೆ ಹೋದಳು.

ರಿಪೇರಿ ಅಂಗಡಿಯವರು ಅದನ್ನು ಬಿಚ್ಚಿ, ಒರೆಸಿ, ಒಣಗಿಸಿ, ಮಧ್ಯಾಹ್ನಕ್ಕೆಲ್ಲ ಕೈಗೆ ಕೊಟ್ಟರು. "ಏನೂ ಆಗಿಲ್ಲಮ್ಮ, ಬಿಸಿ ಜಾಸ್ತಿ ಆಗಿ ತಾನೇ ಆಫ್ ಆಗೈತೆ. ಆಯುಧ ಪೂಜೆ ಆದ್ಮೇಲೆ ನಮ್ಮ ಅಂಗ್ಡೀಗೆ ಇಂಥವೇ ಬರೋದು," ಎಂದು ನಕ್ಕರು. ಡ್ರಾಯಿಂಗೂ ಉಳಿದಿತ್ತು, ಶನಿವಾರ ಸಮಯಕ್ಕೆ ಸರಿಯಾಗಿ ಕಳಿಸಿದೆ. ಅಯ್ಯೋ, ಕೆಟ್ಟಾದರೂ ಹೋಗಬಾರದಿತ್ತೇ ಅನ್ನಿಸಿತು. ಕೆಟ್ಟಿದ್ದರೆ ನಾನು ಕಿರುಚಿದ್ದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಅಮ್ಮನೇ ನನಗೆ ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದಳು.

ಆ ಶುಕ್ರವಾರವೇ ಸಂಜೆ ಆರಕ್ಕೆ ಸ್ಟೂಲು ಎಳೆದಿಟ್ಟು ಕರೆದಿದ್ದೆ. "ನೀನೇ ಓಡ್ಸಮ್ಮ. ನಂಗೆ ಒಳಗೆ ಕೆಲ್ಸ ಐತೆ," ಅಂದಳು. ಮರುದಿನವೂ ಅದೇ. ಅದರ ಮರುದಿನ ನಾನು ಕರೆಯಲಿಲ್ಲ. ಮತ್ತೆ 'ಉಂಡ್ಕೋ', 'ಬಾಗ್ಲು ಆಕ್ಕೋ'. ಈಗ ಫ್ಯಾನಿನ ಸದ್ದೂ ಇರಲಿಲ್ಲ.

ಮೂರು ವಾರ ಹೀಗೇ ಕಳೆಯಿತು. ಬಂಗಾರಪೇಟೆಯಲ್ಲಿ ನಮ್ಮ ಕಡೆಯವರ ಗೃಹಪ್ರವೇಶವಿತ್ತು, ಇಬ್ಬರೂ ಬಸ್ಸಿನಲ್ಲಿ ಹೊರಟೆವು. ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿದೆ. ಬಂಗಾರಪೇಟೆ ಹೊಕ್ಕುವಾಗ ವಾಹನಗಳ ಸಾಲಿನಲ್ಲಿ ಬಸ್ಸು ನಿಂತುಬಿಟ್ಟಿತು. ಪಕ್ಕಕ್ಕೇ ಟೊಮೆಟೊ ತುಂಬಿದ ಲಾರಿ. ಅದರ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡುತ್ತಿದ್ದವು. ನನಗೆ ತಡೆಯಲಾಗಲಿಲ್ಲ.

"ತಪ್ಪಾಯ್ತಮ್ಮ," ಅಂದೆ. "ಓಂಗೋಲು ಅಂತ ಸುಳ್ಳು ಹೇಳಿದ್ದೂ ತಪ್ಪು. ಅದನ್ನ ಹಂಗೆ ಕಿರುಚಿ ಹೇಳಿದ್ದೂ ತಪ್ಪು."

ಅಮ್ಮ ಲಾರಿಯಿಂದ ಕಣ್ಣು ತೆಗೆಯಲಿಲ್ಲ. "ನಂಗೊತ್ತಿರ್ಲಿಲ್ಲ ಅಂದ್ಕೊಂಡಿದ್ಯಾ? ಒಂದಿನ ಓಂಗೋಲು ಗುಡ್ಡದ್ ಮೇಲೆ ಬತ್ತಿತ್ತು, ಇನ್ನೊಂದಿನ ಒಳೆ ಪಕ್ಕ ಬತ್ತಿತ್ತು. ಊರೇನು ಎದ್ದು ನಡ್ಕೊಂಡು ಓಗ್ತದಾ?"

"ಮತ್ತೆ ದಿನಾ ಯಾಕೆ ಕೇಳ್ತಿದ್ದೆ?"

"ನೀನು ಬಂತಮ್ಮ ಅಂತಿದ್ದೆ. ಕೇಳಕ್ಕೆ ಚೆನ್ನಾಗಿರ್ತಿತ್ತು." ಕಿಟಕಿಯ ಸರಳು ಹಿಡಿದುಕೊಂಡಳು. "ನಿಮ್ಮಪ್ಪ ಮೂವತ್ತು ವರ್ಷದಲ್ಲಿ ಒಂದಿನ ನನ್ನ ಲಾರಿ ಅತ್ತಿಸ್ಲಿಲ್ಲ. ನೀನು ಅತ್ತಿಸ್ದೆ. ಒಸಾ ಗಾಡಿ ಬಂತು, ಪೂಜೆ ಇಲ್ದೆ ಎಂಗೆ ಓಡ್ಸದು ಅಂತ ಮಾಡ್ದೆ. ಅಷ್ಟೇ ಕಣೇ."

ಸಾಲು ಸಡಿಲವಾಗಿ ಲಾರಿ ಮುಂದಕ್ಕೆ ಹೋಯಿತು. ನಾನು ಅಳುತ್ತಿದ್ದುದನ್ನು ಕಂಡಕ್ಟರು ನೋಡಿ ಬೇರೆ ಕಡೆ ತಿರುಗಿದರು. ಅಮ್ಮ ತನ್ನ ಸೆರಗಿನ ತುದಿ ಕೊಟ್ಟಳು. ಎಲ್ಲ ಸರಿಹೋಯಿತು ಎಂದೇ ನಾನು ತಿಳಿದೆ.

ಮರುದಿನ ಸಂಜೆ ಆರಕ್ಕೆ ನಾನು ಕರೆಯದೆಯೇ ಬಂದು ಸ್ಟೂಲಿನ ಮೇಲೆ ಕೂತಳು. ಹೊಸ ಪರದೆಯಲ್ಲಿ ನಮ್ಮ ಹಸಿರು ಲಾರಿ ಫಳಫಳ ಹೊಳೆಯುತ್ತಿತ್ತು. ಹೊಲದ ಪೈರು ಒಂದೊಂದಾಗಿ ಕಾಣುತ್ತಿತ್ತು, ಎದುರು ಬರುವ ಬಸ್ಸಿನ ಗಾಜಿನ ಮೇಲಿನ ಧೂಳು ಕೂಡ. ಅಮ್ಮ ಮಡಿಲಲ್ಲಿ ಕೈ ಇಟ್ಟುಕೊಂಡು ನೋಡುತ್ತಿದ್ದಳು. ಹಾರ್ನ್ ಹೊಡಿ ಅನ್ನಲಿಲ್ಲ. ಅಪ್ಪನ ಸೈಕಲ್ಲಿನ ಮಾತು ಬರಲಿಲ್ಲ. ಮುಕ್ಕಾಲು ಗಂಟೆ ಕಾದೆ. ಅವಳು ಕೇಳಲಿಲ್ಲ. ಕೊನೆಗೆ ನಾನೇ ಅಂದೆ.

"ಓಂಗೋಲು ಬಂತಮ್ಮ. ನಿಲ್ಲಿಸ್ಲಾ?"

ಅಮ್ಮ ಪರದೆಯ ಕಡೆ ಬಾಗಿದಳು. ಎದುರಿಗೆ ರಸ್ತೆ ಬೋರ್ಡು. ಹಳೆಯದರಲ್ಲಿ ಬರೀ ಹಸಿರು ಕಲೆಯಾಗಿದ್ದುದು ಈಗ ಗೋಡೆಯ ಕ್ಯಾಲೆಂಡರಿನಷ್ಟು ಸ್ಪಷ್ಟ. ಏಳನೇ ಕ್ಲಾಸು ಓದಿದ ಅಮ್ಮ ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿದಳು.

"ನೆಲ್ಲೂರು ಅಂತ ಬರ್ದವ್ರೆ," ಅಂದಳು. ಸ್ವರದಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. "ನಡಿ ಮುಂದಕ್ಕೆ. ಅಲ್ಲಿ ಯಾರೂ ನಿಂತಿಲ್ಲ."

ನಾನು ಗಾಡಿ ನಿಲ್ಲಿಸಲಿಲ್ಲ.